ಸೊಪ್ಪಿನ ಸರದಿ

ಕೈವಾರದ ಹುಡುಗರ ಕೈಗೆ ಕ್ಯಾಮೆರಾ ಸಿಕ್ಕರೆ ಅದು ಮೊದಲು ತಿರುಗುವುದು ಬೆಟ್ಟದ ಕಡೆಗೆ. ಚಿಂತಾಮಣಿ ತಾಲ್ಲೂಕಿನ ಈ ಊರೇ ಮಹಾಭಾರತದ ಏಕಚಕ್ರಪುರ ಎಂದು ನಂಬಿದವರ ನಡುವೆ ನಾವು ಬೆಳೆದವರು. ಭೀಮ ಬಕಾಸುರನನ್ನು ಕೊಂದು ಅದುಮಿಟ್ಟ ಬೆಟ್ಟ ಅದೇ ಎಂದು ಕೈ ಮಾಡಿ ತೋರಿಸುವವರು ಇಲ್ಲಿ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಭೀಮಲಿಂಗೇಶ್ವರನ ಗುಡಿ ಇದೆ, ಅಮರನಾರೇಯಣನ ಗುಡಿ ಇದೆ. ಬಳೆ ಮಾರಿ ಸಂಸಾರ ನಡೆಸುತ್ತಿದ್ದು, ಆಮೇಲೆ ಯೋಗಿಯಾಗಿ ಕಾಲಜ್ಞಾನ ಹೇಳಿದ ನಾರೇಯಣ ತಾತಯ್ಯನವರ ಮಠವಿದೆ. ತಾತಯ್ಯನವರ ಬದುಕು 1961ರಷ್ಟು ಹಿಂದೆಯೇ ‘ಕೈವಾರ ಮಹಾತ್ಮೆ’ ಎಂಬ ಸಿನಿಮಾ ಆಗಿತ್ತು, ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ, ರಾಜ್‌ಕುಮಾರ್ ಅಭಿನಯ. ಹಾಗಾಗಿ ಕೊನೆಯ ವರ್ಷಕ್ಕೆ ಒಂದು ಕಿರುಚಿತ್ರ ಮಾಡಿ ಒಪ್ಪಿಸಬೇಕೆಂದು ಕಾಲೇಜಿನಲ್ಲಿ ಹೇಳಿದಾಗ, ನನ್ನದು ಬೆಟ್ಟ, ಡ್ರೋನ್, ಬಂಡಿ ಎಲ್ಲ ಇರುವ ಚಿತ್ರವೇ ಆಗುತ್ತದೆಂದು ಗೆಳೆಯರು ತೀರ್ಮಾನಿಸಿಬಿಟ್ಟಿದ್ದರು.

ನಾನೂ ಬಕಾಸುರನ ಕಥೆಯಿಂದಲೇ ಶುರುಮಾಡಿದೆ. ಆದರೆ ಅದನ್ನು ಮತ್ತೆ ಮತ್ತೆ ಓದಿದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಾಳಗವಲ್ಲ, ಅದರ ಹಿಂದಿನ ರಾತ್ರಿ. ಊರಿನ ಪ್ರತಿ ಮನೆಗೂ ಸರದಿ. ಬಂಡಿ ತುಂಬ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಕುಂತಿ ಮಕ್ಕಳೊಂದಿಗೆ ಇಳಿದುಕೊಂಡಿದ್ದ ಬ್ರಾಹ್ಮಣನ ಮನೆಗೆ ಸರದಿ ಬಂದಿದೆ. ನಾನು ಹೋಗುತ್ತೇನೆ ಎನ್ನುತ್ತಾನೆ ಗಂಡ. ಬೇಡ, ನಾನು ಎನ್ನುತ್ತಾಳೆ ಹೆಂಡತಿ. ಮಗಳೂ ನಾನೇ ಹೋಗುವೆ ಎನ್ನುತ್ತಾಳೆ. ಇನ್ನೂ ಸರಿಯಾಗಿ ಮಾತು ಬಾರದ ಪುಟ್ಟ ಹುಡುಗ ಒಂದು ಹುಲ್ಲುಕಡ್ಡಿ ಹಿಡಿದು, ಇದರಲ್ಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಭೀಮನ ಪ್ರತಾಪ ಏನಿದ್ದರೂ ಆಮೇಲಿನದು. ಒಬ್ಬರನ್ನೊಬ್ಬರು ಬಿಟ್ಟುಕೊಡದ ಆ ರಾತ್ರಿಯೊಂದೇ ಹನ್ನೆರಡು ನಿಮಿಷದ ಚಿತ್ರಕ್ಕೆ ಸಾಕು ಅನ್ನಿಸಿತು. ಅಂಥ ರಾತ್ರಿ ಈಗ ಯಾವ ಮನೆಯಲ್ಲಿದೆ ಎಂದು ಯೋಚಿಸಿದಾಗ ಕಣ್ಣ ಮುಂದೆ ಬಂದದ್ದು ಕೈವಾರದ ಪಕ್ಕದ ಹಳ್ಳಿಯಲ್ಲಿರುವ ನಮ್ಮ ಅತ್ತೆಯ ಮನೆ. ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಅವರ ರಾತ್ರಿಗಳು.

ರೇಷ್ಮೆ ಸಾಕದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಒಂದೊಂದಕ್ಕೂ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಲೆ ಎತ್ತಿ, ಅಲುಗಾಡದೆ, ಏನೂ ತಿನ್ನದೆ ಇರುತ್ತದೆ. ನಾಲ್ಕನೆಯದು ಬಿಟ್ಟಿತೋ, ಆಮೇಲೆ ಹೆಚ್ಚು ಕಡಿಮೆ ಒಂದು ವಾರ ಮನೆಯವರಿಗೆ ನಿದ್ದೆಯಿಲ್ಲ. ಹುಳು ತನ್ನ ಜನ್ಮದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಆ ಒಂದು ವಾರದಲ್ಲೇ ಖರ್ಚಾಗುತ್ತದೆ. ‘ನೂರು ಮೊಟ್ಟೆ ಮೇಯಿಸಿದ್ದೇವೆ’ ಎಂದು, ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಒಂದೇ ಎಂದು ಎಣಿಸಿ, ರೈತರು ಹೇಳುವ ಲೆಕ್ಕದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹುಳುಗಳಿರುತ್ತವೆ. ಅತ್ತೆ ಇನ್ನೂ ಬಿದಿರಿನ ತಟ್ಟೆಗಳಲ್ಲೇ ಹುಳು ಸಾಕುತ್ತಾರೆ. ರಾತ್ರಿ ಹತ್ತು ಹನ್ನೊಂದರ ಸೊಪ್ಪು ಒಬ್ಬರದು, ಬೆಳಗಿನ ಜಾವದ್ದು ಇನ್ನೊಬ್ಬರದು. ಆ ಮನೆಯಲ್ಲೂ ಸರದಿ ಎಂದೇ ಅನ್ನುತ್ತಾರೆ. ನನ್ನ ಚಿತ್ರಕ್ಕೂ ಅದೇ ಹೆಸರಾಯಿತು.

ಕಥೆ ಇಷ್ಟೇ. ಬೆಳಗಿನ ಜಾವದ ಸರದಿ ಮಗಳದು. ಅಂದೇ ಅವಳಿಗೆ ಪರೀಕ್ಷೆ. ಅಮ್ಮ ಅವಳನ್ನು ಎಬ್ಬಿಸದೆ ತಾನೇ ಎದ್ದು ಹೋಗುತ್ತಾಳೆ. ಮಗಳು ಮೊದಲೇ ಎದ್ದು ಹುಳುಮನೆಯಲ್ಲಿ ನಿಂತಿರುತ್ತಾಳೆ.

ಅತ್ತೆಯನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ದೃಷ್ಟಿಯ ಮಾತು ಹಾಗಿರಲಿ, ರೋಗದ ಭಯ ನಿಜವಾದದ್ದು. ಒಂದು ಸಲ ಹುಳು ಕೆಟ್ಟರೆ ಆ ಬೆಳೆಯೇ ಹೋದಂತೆ. “ಬನ್ರಿ, ಆದ್ರೆ ನಾನು ಹೇಳ್ದಂಗೆ ಕೇಳ್ಬೇಕು” ಎಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಲ್ಲಿ ಕಾಲು ಅದ್ದಬೇಕು. ಸೆಂಟು, ಪೌಡರು, ಸೊಳ್ಳೆಬತ್ತಿ ಯಾವುದೂ ಬೇಡ. ಸಿಗರೇಟು ಸೇದುವವನು ಅಂಗಳ ದಾಟಕೂಡದು. ಕಣ್ಣು ಕೋರೈಸುವ ದೀಪ ಬೇಡ, ಹುಳು ಮಬ್ಬು ಬೆಳಕಿಗೆ ಒಗ್ಗಿದ್ದು. ಬಾಡಿಗೆಗೆ ತಂದ ದೀಪಗಳನ್ನು ನಮ್ಮ ಕ್ಯಾಮೆರಾ ಹುಡುಗ ಮರುಮಾತಿಲ್ಲದೆ ವಾಪಸ್ ಕಾರಿನ ಡಿಕ್ಕಿಯಲ್ಲಿಟ್ಟ.

ನನ್ನ ಪಾಲಿಗೆ ಸಿನಿಮಾ ಕಲಿಕೆ ಶುರುವಾದದ್ದು ಅಲ್ಲಿಂದ. ಹುಳುಮನೆಯ ಕಿಟಕಿಗಳಿಗೆ, ಹುಳುವಿಗೆ ಕಾಟ ಕೊಡುವ ಊಜಿ ನೊಣ ಬರದಿರಲೆಂದು ನೈಲಾನ್ ಪರದೆ ಹೊಡೆದಿರುತ್ತಾರೆ. ಹಗಲಿನಲ್ಲಿ ಆ ಪರದೆ ಬಿಸಿಲನ್ನು ಸೋಸಿ ಒಳಗೆ ಬಿಡುತ್ತದೆ. ಅದರಷ್ಟು ಮೆದುವಾದ ಬೆಳಕನ್ನು ನಾವು ದುಡ್ಡು ಕೊಟ್ಟು ತರಲು ಆಗುತ್ತಿರಲಿಲ್ಲ. ರಾತ್ರಿಗೆ ಅತ್ತೆಯ ಹಣೆಯ ಬ್ಯಾಟರಿಯೇ ದೀಪ. ರೈತರು ತಲೆಗೆ ಕಟ್ಟಿಕೊಳ್ಳುವ ಆ ಲೈಟಿನ ಗುಣವೇನೆಂದರೆ, ಕಟ್ಟಿಕೊಂಡವರು ಏನನ್ನು ನೋಡುತ್ತಾರೋ ಅದಷ್ಟೇ ಬೆಳಗುತ್ತದೆ. ಅತ್ತೆ ತಟ್ಟೆಯ ಮೂಲೆ ನೋಡಿದರೆ ಮೂಲೆ, ಸತ್ತ ಹುಳು ಕಂಡು ತಡೆದರೆ ಆ ಒಂದು ಹುಳು, ಬಾಗಿಲತ್ತ ತಿರುಗಿದರೆ ಬಾಗಿಲಲ್ಲಿ ನಿಂತ ಮಗಳ ಮುಖ. ಎಲ್ಲಿ ನೋಡಬೇಕೆಂದು ಪ್ರೇಕ್ಷಕರಿಗೆ ಹೇಳುವ ಕೆಲಸವನ್ನು ನಾನು ಸಂಕಲನದಲ್ಲಿ ಮಾಡಬೇಕೆಂದಿದ್ದೆ. ಅದನ್ನು ಅವರ ಕುತ್ತಿಗೆಯೇ ಮಾಡಿಬಿಟ್ಟಿತು. ಚಿತ್ರ ಸ್ವಲ್ಪ ಕಾಳುಕಾಳಾಗಿ ಬಂದಿದೆ, ನಿಜ. ಅದನ್ನು ಸಾಫ್ಟ್‌ವೇರ್‌ನಲ್ಲಿ ಒರೆಸಲು ನನಗೆ ಮನಸ್ಸಾಗಲಿಲ್ಲ. ನಾಲ್ಕೂವರೆಗೆ ಎದ್ದವರ ಕಣ್ಣಿಗೆ ಆ ಕೋಣೆ ಕಾಣುವುದೇ ಹಾಗೆ.

ಮರು ಟೇಕ್ ಎಂಬುದಂತೂ ಅಲ್ಲಿ ಇಲ್ಲವೇ ಇಲ್ಲ. ಮೊದಲ ರಾತ್ರಿ ಇನ್ನೊಂದು ಕೋನದಿಂದ ಬೇಕೆನ್ನಿಸಿ, “ಅತ್ತೆ, ಇನ್ನೊಂದ್ಸಲ ಹಾಕ್ತೀರಾ?” ಎಂದು ಕೇಳಿದ್ದಕ್ಕೆ, “ಸೊಪ್ಪೇನು ಆಕಾಶದಿಂದ ಬೀಳ್ತದೇನಮ್ಮಾ?” ಎಂದರು. ಅವರ ಪ್ರಶ್ನೆ ಸರಿಯಾಗಿತ್ತು. ಜೀವನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ ಅಡಿಗೂ ಕೆಳಗಿನಿಂದ ಎತ್ತಿದ ಬೋರ್‌ವೆಲ್ ನೀರಿನಲ್ಲಿ ಬೆಳೆದ ಹಿಪ್ಪುನೇರಳೆ ಅದು. ಸಂಜೆ ಕೊಯ್ದು, ಬಾಡದಿರಲೆಂದು ಒದ್ದೆ ಗೋಣಿತಾಟು ಹೊದಿಸಿಟ್ಟ ಒಂದೊಂದು ಎಲೆಗೂ ಬೆಲೆಯಿದೆ. ಅಂದಿನಿಂದ ಒಂದು ಸರದಿಗೆ ಒಂದೇ ಶಾಟ್ ಎಂದು ಗೆರೆ ಹಾಕಿಕೊಂಡೆವು. ಕೋನ ಬದಲಿಸಬೇಕೆಂದರೆ ಮುಂದಿನ ಸೊಪ್ಪಿನ ಹೊತ್ತಿಗೆ ಕಾಯಬೇಕು. ಕಾಯುವಾಗ ಸುಮ್ಮನೆ ಕೂರಲು ಅತ್ತೆ ಬಿಡಲಿಲ್ಲ. ಹಿಕ್ಕೆ ತೆಗೆಯಲು, ತಟ್ಟೆ ಬದಲಿಸಲು ಕರೆದರು. ನನ್ನ ಕೈ ಆ ಕೆಲಸ ಕಲಿತ ಮೇಲೆಯೇ ಕ್ಯಾಮೆರಾ ಎಷ್ಟು ಎತ್ತರದಲ್ಲಿರಬೇಕೆಂದು ಗೊತ್ತಾದದ್ದು. ಕೆಳಗಿನ ತಟ್ಟೆಗೆ ಸೊಪ್ಪು ಹಾಕುವಾಗ ಕುಕ್ಕರಗಾಲಿನಲ್ಲಿ ಕೂರಬೇಕು, ಮೇಲಿನದಕ್ಕೆ ತುದಿಗಾಲಲ್ಲಿ ನಿಲ್ಲಬೇಕು. ಕ್ಯಾಮೆರಾವೂ ಅವರ ಜೊತೆ ಕೂತು ಎದ್ದಿದೆ.

ಶಬ್ದದ ಬಗ್ಗೆ ನಾನು ಒಂದಷ್ಟು ಹೆಚ್ಚೇ ಹೇಳಬೇಕು, ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ. ನಾಲ್ಕನೇ ಜ್ವರ ಬಿಟ್ಟು ಐದನೇ ಹಂತಕ್ಕೆ ಬಂದ ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಕೇಳಿದವರು ಮರೆಯಲಾರರು. ಸೊಪ್ಪು ಹರಡಿದ ಕೂಡಲೇ ಏನೂ ಕೇಳಿಸುವುದಿಲ್ಲ. ಅಡಿಯಲ್ಲಿದ್ದ ಹುಳುಗಳು ಎಲೆಯ ಮೇಲೆ ಹತ್ತಿ, ಅಂಚು ಹಿಡಿದು, ತಲೆಯನ್ನು ಮೇಲಿಂದ ಕೆಳಕ್ಕೆ ಆಡಿಸುತ್ತ ಕತ್ತರಿಸತೊಡಗಿದ ಮೇಲೆ ಎಲ್ಲೋ ಒಂದು ತಟ್ಟೆಯಲ್ಲಿ ಶುರುವಾಗುತ್ತದೆ. ನೋಡನೋಡುತ್ತ ಕೋಣೆಯೆಲ್ಲ ತುಂಬುತ್ತದೆ: ಒಣಗಿದ ಎಲೆಗಳ ಮೇಲೆ ತುಂತುರು ಮಳೆ ಬಿದ್ದಂತೆ. ಅದನ್ನು ಹಿಡಿಯಲು ಮನೆಯ ಫ್ರಿಜ್ಜು ಆರಿಸಿದೆವು, ಮೊಬೈಲುಗಳನ್ನು ಹೊರಗಿಟ್ಟೆವು. ತೋಟದ ಮೋಟಾರ್ ಮಾತ್ರ ನಮ್ಮ ಕೈಯಲ್ಲಿರಲಿಲ್ಲ. ತ್ರೀಫೇಸ್ ಕರೆಂಟು ರಾತ್ರಿ ಬಂದಾಗಲೇ ನೀರು ಹಾಯಿಸಿಕೊಳ್ಳಬೇಕು. ಕರೆಂಟು ಹೋಗಿ ಮೋಟಾರ್ ನಿಂತ ಮೇಲೆ, ಎರಡು ತಟ್ಟೆಗಳ ನಡುವೆ ಮೈಕ್ ಇಟ್ಟು ಉಸಿರು ಬಿಗಿಹಿಡಿದು ಕೂತೆವು. ನನ್ನ ಹೆಡ್‌ಫೋನನ್ನು ಅತ್ತೆಯ ಕಿವಿಗಿಟ್ಟಾಗ ಅವರ ಮುಖ ಅರಳಿತು. ಎಷ್ಟೋ ವರ್ಷಗಳಿಂದ ಕೇಳಿಕೊಂಡು ಬಂದ ಸದ್ದೇ ಅದು. ಆದರೂ ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. “ಚೆನ್ನಾಗಿ ಮೇಯ್ತಾ ಅವೆ” ಎಂದರು.

ಚಿತ್ರಕ್ಕೆ ಹಿನ್ನೆಲೆ ಸಂಗೀತ ಬೇಡವೆಂದು ಆಗಲೇ ನಿಶ್ಚಯಿಸಿದೆ.

ಮಾತಿನ ವಿಷಯದಲ್ಲೂ ಒಂದು ನಿರ್ಧಾರ ಮಾಡಬೇಕಿತ್ತು. ಸ್ಕ್ರಿಪ್ಟ್ ಓದಿದ ಮೇಷ್ಟ್ರು, “ಈ ಮನೆಯವರು ಯಾವ ಭಾಷೆ ಆಡ್ತಾರೆ?” ಎಂದು ಕೇಳಿದ್ದರು. ಅತ್ತೆಯ ಮನೆಯಲ್ಲಿ ಅಮ್ಮ, ಮಗಳಿಗೆ “ಆಕು ಏಸ್ತಿವಾ?” ಎಂದು ತೆಲುಗಿನಲ್ಲಿ ಕೇಳುತ್ತಾಳೆ, ಮಗಳು “ಹೂಂ ಹಾಕ್ದೆ, ಮೇಲಿಂದಕ್ಕೆ ಸಾಲ್ಲಿಲ್ಲ” ಎಂದು ಕನ್ನಡದಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಅದು ಎರಡು ಭಾಷೆ ಎಂಬುದೇ ನೆನಪಿರುವುದಿಲ್ಲ. ಆಂಧ್ರದ ಗಡಿಗೆ ಹತ್ತಿರದ ನಮ್ಮ ಸೀಮೆಯ ಬದುಕೇ ಹೀಗೆ. ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಬಂದು ಕೂತ ಜನ ಎರಡಕ್ಕೂ ತಲೆದೂಗುತ್ತಾರೆ. ಎಲ್ಲವನ್ನೂ ಶುದ್ಧ ಕನ್ನಡ ಮಾಡಿದ್ದರೆ ಆ ಮನೆ ನಮ್ಮ ಸೀಮೆಯ ಮನೆಯಾಗಿ ಉಳಿಯುತ್ತಿರಲಿಲ್ಲ. ಅವರಾಡಿದಂತೆಯೇ ಇಟ್ಟೆ. ಮಂಡ್ಯದ ನೊದೆಕೊಪ್ಪಲಿನಲ್ಲಿ ಊರ ಜನರನ್ನೇ ಪಾತ್ರಗಳಾಗಿಸಿ, ಅವರ ಬಾಯಿಮಾತನ್ನೇ ಉಳಿಸಿಕೊಂಡು ತೆಗೆದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂದ ಮೇಲೆ ನಮ್ಮಂಥವರಿಗೆ ಈ ಧೈರ್ಯ ಸ್ವಲ್ಪ ಸಲೀಸಾಗಿದೆ.

ಇನ್ನೊಂದು ಧೈರ್ಯ ಕೊಟ್ಟವರು ಚಿದಾನಂದ ಎಸ್. ನಾಯ್ಕ್. ವೈದ್ಯಕೀಯ ಓದಿ ಸಿನಿಮಾಕ್ಕೆ ಬಂದವರು. ಪುಣೆಯ ಎಫ್‌ಟಿಐಐನಲ್ಲಿ ವಿದ್ಯಾರ್ಥಿಯಾಗಿದ್ದಾಗ, ಊರಿನ ಕೋಳಿಯನ್ನು ಕದ್ದೊಯ್ದು ಬೆಳಗಾಗದಂತೆ ಮಾಡುವ ಮುದುಕಿಯ ಜನಪದ ಕಥೆಯನ್ನು ನಾಲ್ಕೇ ದಿನದಲ್ಲಿ ಚಿತ್ರೀಕರಿಸಿದರು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಆ 16 ನಿಮಿಷದ ಕನ್ನಡ ಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಬಂತು. ಬಹುಮಾನದ ಸುದ್ದಿಗಿಂತ ನನ್ನನ್ನು ತಟ್ಟಿದ್ದು ಬೇರೆ. ನಮ್ಮ ಅಜ್ಜಿಯರ ಬಾಯಲ್ಲಿದ್ದ ಕಥೆಗೆ ಅವರು ಹೊರಗಿನ ಬಣ್ಣ ಬಳಿಯಲಿಲ್ಲ, ಇರುಳನ್ನು ಇರುಳಾಗಿಯೇ ಬಿಟ್ಟರು.

ಹುಳು ಹಣ್ಣಾದ ದಿನದ ಚಿತ್ರೀಕರಣವೇ ಎಲ್ಲಕ್ಕಿಂತ ಕಷ್ಟದ್ದು. ಹುಳು ತಿನ್ನುವುದನ್ನು ಬಿಟ್ಟು, ಮೈ ಹೊಳಪಾಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುತ್ತದೆ. ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಆರಿಸಿ, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡಬೇಕು. ಅದಕ್ಕೆ ಇಂಥದೇ ಹೊತ್ತು ಎಂದಿಲ್ಲ. ನಮ್ಮ ಕಾಲ್‌ಶೀಟು, ಬಸ್ಸಿನ ಸಮಯ, ಕ್ಯಾಮೆರಾ ಬಾಡಿಗೆ ಯಾವುದೂ ಅದಕ್ಕೆ ಲೆಕ್ಕವಿಲ್ಲ. ತಪ್ಪಿಸಿಕೊಂಡರೆ ಮುಂದಿನ ಬೆಳೆಗೇ ಸಿಕ್ಕುವುದು. ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೂತು ಆರಿಸತೊಡಗಿದರು, ಕೈಗಳು ಓಡುತ್ತಿದ್ದವು. ಅಷ್ಟು ಕೈಗಳ ನಡುವೆ ನಾನು ಅವ್ವನ ಕೈಯೊಂದನ್ನೇ ಹಿಡಿದೆ. ಅತ್ತೆಯ ಅತ್ತೆ ಅವರು, ಕಣ್ಣು ಮಂಜಾಗಿದೆ. ಬೆರಳ ತುದಿಯಲ್ಲಿ ಮುಟ್ಟಿ ನೋಡಿ ಹಣ್ಣಾದ್ದು ಯಾವುದು, ಇನ್ನೂ ಒಂದು ಸೊಪ್ಪು ಬೇಕಾದ್ದು ಯಾವುದು ಎಂದು ಬೇರೆ ಮಾಡುತ್ತಿದ್ದರು. ಚಿತ್ರದಲ್ಲಿ ಆ ಶಾಟ್ ಒಂದು ನಿಮಿಷಕ್ಕೂ ಮೀರಿ ಇದೆ. ಉದ್ದವಾಯಿತು, ಕತ್ತರಿಸು ಎಂದು ಹೇಳಿದವರು ಹಲವರು. ನಾನು ಕತ್ತರಿಸಲಿಲ್ಲ. ಬೆಟ್ಟದ ಮೇಲಿಂದ ತೆಗೆದ ಡ್ರೋನ್ ಶಾಟನ್ನು ಪೂರ್ತಿ ತೆಗೆದು ಆ ಜಾಗ ಅವ್ವನ ಕೈಗೆ ಕೊಟ್ಟೆ. ಇಡೀ ಸಂಕಲನದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಕತ್ತರಿ ಅದು.

ಕಾಲೇಜಿನ ಸಭಾಂಗಣದಲ್ಲಿ ತೋರಿಸಿದಾಗ ಬೆಂಗಳೂರಿನ ಗೆಳತಿಯೊಬ್ಬಳು, ರಾತ್ರಿಯೆಲ್ಲ ಮಳೆ ಬರುತ್ತಿತ್ತಾ ಎಂದು ಕೇಳಿದಳು. ಹುಳುವಿನ ಸದ್ದೆಂದು ಹೇಳಿದಾಗ ಮತ್ತೊಮ್ಮೆ ನೋಡಬೇಕೆಂದಳು. ಅತ್ತೆಯ ಮನೆಯ ಟಿವಿಯಲ್ಲಿ ಹಾಕಿದಾಗ ಮಾತೇ ಬೇರೆ. ಅವ್ವ ಟಿವಿಗೆ ಹತ್ತಿರ ಕೂತು ಸದ್ದು ಕೇಳುತ್ತಿದ್ದರು. ಅತ್ತೆಯ ಕಣ್ಣು ಮಾತ್ರ ಎರಡನೇ ತಟ್ಟೆಯ ಮೇಲೆ ನೆಟ್ಟಿತ್ತು. “ಅಲ್ಲಿ ಹುಳ ಕಿಕ್ಕಿರಿದವೆ, ಬಿಡಿಸಿ ಹಾಕ್ಬೇಕಿತ್ತು” ಎಂದು ತಮಗೆ ತಾವೇ ಹೇಳಿಕೊಂಡರು. ಚಿತ್ರವನ್ನು ಇಷ್ಟು ಗಮನವಿಟ್ಟು ನೋಡಿದ ಇನ್ನೊಬ್ಬರನ್ನು ನಾನು ಕಾಣೆ. ಪರೀಕ್ಷೆಗೆ ಹೋಗಬೇಕಾದ ಮಗಳಾಗಿ ಅಭಿನಯಿಸಿದ್ದು ಅವರ ಮಗಳೇ. ಕೊನೆಯ ಶಾಟಿನಲ್ಲಿ ತಾಯಿಯ ಹಣೆಯ ಬೆಳಕು ಅವಳ ಮುಖದ ಮೇಲೆ ಬಿದ್ದಾಗ ಅತ್ತೆ ಏನೂ ಹೇಳಲಿಲ್ಲ. ಮಗಳ ಬೆನ್ನ ಮೇಲೆ ಕೈಯಿಟ್ಟರು.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹುಡುಗ ಹುಡುಗಿಯರಲ್ಲಿ ಒಂದು ಕೇಳಿಕೆ. ಬಿದಿರಿನ ತಟ್ಟೆ ಹೋಗಿ ರ‍್ಯಾಕ್ ಬಂದಿದೆ. ಬಿದಿರಿನ ಚಂದ್ರಿಕೆಯ ಪಕ್ಕದಲ್ಲೇ ಪ್ಲಾಸ್ಟಿಕ್ಕಿನದು ಬಂದು ನಿಂತಿದೆ. ನೂಲು ಬಿಚ್ಚುವ ಚರಕಗಳಿದ್ದ ಕಡೆ ಯಂತ್ರಗಳು ಓಡುತ್ತಿವೆ. ಬದಲಾದದ್ದರಿಂದ ಮನೆಯವರ ಸೊಂಟಕ್ಕೆ ಸುಖವಾಗಿದ್ದರೆ ಅದು ಒಳ್ಳೆಯದೇ. ಆದರೆ ತಟ್ಟೆಯಲ್ಲಿ ಹುಳು ಮೇಯಿಸಿದ ಕೈಗಳು ಇನ್ನೂ ನಿಮ್ಮ ಮನೆಗಳಲ್ಲಿವೆ, ನಿಮ್ಮ ಜೇಬಿನಲ್ಲಿ ಕ್ಯಾಮೆರಾ ಇರುವ ಫೋನಿದೆ. ಮುಂದಿನ ಬೆಳೆಗೆ ಚಾಕಿಯ ಮರಿಹುಳು ತಂದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಅವರ ಜೊತೆ ಇದ್ದು ತೆಗೆದಿಡಿ. ಬಾಗಿಲಲ್ಲಿ ಕಾಲು ಅದ್ದಿ ಒಳಗೆ ಹೋಗಿ, ಮೊದಲು ಒಂದು ಸರದಿ ಸೊಪ್ಪು ಹಾಕಿ, ಆಮೇಲೆ ಫೋನ್ ತೆಗೆಯಿರಿ. ಫ್ಲ್ಯಾಶ್ ಮಾತ್ರ ಹಾಕಬೇಡಿ.