ಮೂಗಿಗಿಂತ ಮೂಗುತಿ ಭಾರ

ಐಷಾರಾಮಿ ಕಾರಿನ ಬೆಲೆ ವರ್ಷವರ್ಷವೂ ಇಳಿಯುತ್ತದೆ. ಅದರ ಬಿಡಿಭಾಗಗಳಿಗೆ ಮಾತ್ರ ಕಾರಿಗೆ ವಯಸ್ಸಾದದ್ದು ಗೊತ್ತೇ ಇರುವುದಿಲ್ಲ. ಹೊಸದರಲ್ಲಿ ನಲವತ್ತು ಲಕ್ಷ ಬಾಳುತ್ತಿದ್ದ ಕಾರು ಹತ್ತು ಹನ್ನೆರಡು ವರ್ಷ ಕಳೆದರೆ ಸಣ್ಣದೊಂದು ಹೊಸ ಕಾರಿನ ಬೆಲೆಗೆ ಸಿಕ್ಕಿಬಿಡಬಹುದು. ಆದರೆ ಅದರ ಕೆಟ್ಟ ಪಂಪು, ಒಡೆದ ಹೆಡ್‌ಲೈಟು ಎಲ್ಲವೂ ಇವತ್ತಿಗೂ ನಲವತ್ತು ಲಕ್ಷದ ಕಾರಿನವೇ. ಈ ಲೆಕ್ಕ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ನನ್ನ ಸೋದರಮಾವ. ಅಂಥದೊಂದು ಕಾರು ಕೊಂಡವರೂ ಅವರೇ.

ಮಾವ ಬೆಂಗಳೂರಿನ ಉದ್ಯಮಿಯೊಬ್ಬರ ಮನೆಯಲ್ಲಿ ಇಪ್ಪತ್ತಾರು ವರ್ಷ ಡ್ರೈವರ್ ಆಗಿದ್ದರು. ಕೆಲಸ ಬಿಟ್ಟು ಮಂಡ್ಯದ ಕಡೆಯ ನಮ್ಮೂರಿಗೆ ವಾಪಸಾದಾಗ, ಕೈಗೆ ಬಂದ ಹಣದಲ್ಲಿ 5 ಲಕ್ಷ 40 ಸಾವಿರ ಕೊಟ್ಟು 2010ರ ಜರ್ಮನ್ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಅತ್ತೆ ಎರಡು ದಿನ ಮಾತಾಡಲಿಲ್ಲ. ಊರವರು 'ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು' ಅಂದರು. ತಡವಾಗಿ ಬರುವ ಫೆಲೋಶಿಪ್ಪಿನಲ್ಲಿ ಜೆರಾಕ್ಸ್ ಖರ್ಚನ್ನೂ ಲೆಕ್ಕ ಹಾಕುವ ನಾನು, "ಯಾಕೆ ಮಾವ?" ಅಂತ ಕೇಳಿದೆ.

"ಇಪ್ಪತ್ತಾರು ವರ್ಷ ಕೀ ನನ್ನ ಕೈಲೇ ಇತ್ತು ಪುಟ್ಟಾ. ಕಾರು ನಂದಾಗಿರಲಿಲ್ಲ, ಅಷ್ಟೇ" ಅಂದರು.

ಎರಡನೇ ಚಳಿಗಾಲದ ಒಂದು ಬೆಳಿಗ್ಗೆ ಕಾರಿನ ಮುಂಭಾಗದ ಎಡಮೂಲೆ ನೆಲಕ್ಕೆ ಕುಸಿದಿತ್ತು. ಅದು ಏರ್ ಸಸ್ಪೆನ್ಷನ್ ಇರುವ ಕಾರು. ಉಕ್ಕಿನ ಸ್ಪ್ರಿಂಗಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ಗಾಳಿ ತುಂಬಲು ಒಂದು ಕಂಪ್ರೆಸರ್ ಇರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಮಡಿಕೆ ಬೀಳುವಲ್ಲಿ ಬಿರಿಯುತ್ತದೆ, ರಾತ್ರಿಯೆಲ್ಲ ಸಣ್ಣಗೆ ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡಿ ಕೊನೆಗೆ ಅದೂ ಸುಟ್ಟುಹೋಗುತ್ತದೆ. ನಮ್ಮದರಲ್ಲಿ ಎರಡೂ ಆಗಿತ್ತು.

ಶೋರೂಮಿನವರು ಕೊಟ್ಟ ಅಂದಾಜು, ಮುಂದಿನ ಎರಡು ಸ್ಟ್ರಟ್, ಕಂಪ್ರೆಸರ್, ಲೇಬರ್ ಎಲ್ಲ ಸೇರಿ 3 ಲಕ್ಷ 10 ಸಾವಿರ. ಕೊಂಡ ಬೆಲೆಯ ಅರ್ಧಕ್ಕಿಂತ ಹೆಚ್ಚು. ಮಾವ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತಿದರು. ಬೇರೆ ಕಂಪನಿಯ ಬಿಡಿಭಾಗ ಹಾಕಿದರೆ 1 ಲಕ್ಷ 45 ಸಾವಿರ. ಗಾಳಿಯ ಸಹವಾಸವೇ ಬೇಡವೆಂದು ನಾಲ್ಕೂ ಕಡೆ ಉಕ್ಕಿನ ಸ್ಪ್ರಿಂಗ್ ಕೂರಿಸಿದರೆ 85 ಸಾವಿರ.

ಇನ್ಶೂರೆನ್ಸ್ ಬರುವುದಿಲ್ಲವೇ ಎಂದು ಅತ್ತೆ ಕೇಳಿದರು. ನಮ್ಮ ಮೋಟಾರು ವಿಮೆಯ ಲೆಕ್ಕದಲ್ಲಿ ಐದು ವರ್ಷ ತುಂಬುವ ಹೊತ್ತಿಗೆ ವಾಹನದ ಬೆಲೆಯಲ್ಲಿ 50 ಶೇಕಡಾ ಕಳೆದಿರುತ್ತಾರೆ. ಡಿಕ್ಕಿಯಾಗಿ ರಬ್ಬರ್, ಪ್ಲಾಸ್ಟಿಕ್ ಭಾಗ ಮುರಿದರೂ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಹಣ ನಮ್ಮದೇ. ಸವೆದು ಹಾಳಾದದ್ದಕ್ಕಂತೂ ಏನೂ ಇಲ್ಲ. ಅಪಘಾತಕ್ಕೆ ವಿಮೆ ಇದೆ, ಮುಪ್ಪಿಗೆ ಇಲ್ಲ.

ಪದಗಳ ಅರ್ಥ ಕಾಲಕಾಲಕ್ಕೆ ಹೇಗೆ ಜರುಗುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಹಾಗಾಗಿ ಈ ಓಡಾಟದಲ್ಲಿ ನನ್ನ ಕಣ್ಣು ಒಂದು ಪದದ ಮೇಲೆ ನಿಂತಿತು: 'ಲೈಫ್‌ಟೈಮ್'. ಹಲವು ಕಾರು ಕಂಪನಿಗಳು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ಹಾಗೆ ಕರೆದಿವೆ, ಬದಲಿಸುವುದೇ ಬೇಡ ಎನ್ನುವ ಅರ್ಥದಲ್ಲಿ. ಅಂಥ ಗೇರ್‌ಬಾಕ್ಸುಗಳನ್ನು ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯ ಸಲಹೆಯೇ ಬೇರೆ: 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ 8 ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಹಾಗಾದರೆ ಅದು ಯಾರ ಲೈಫು? ಮೊದಲ ಮಾಲೀಕನ ಕೈಯಲ್ಲಿ ಕಾರು ಇರುವಷ್ಟು ದಿನದ ಲೈಫು ಎಂದೇ ನನಗೆ ಅನ್ನಿಸುತ್ತದೆ.

ಇದಕ್ಕಿಂತ ನೇರವಾಗಿ ಆಯಸ್ಸು ಎಣಿಸಿದ ಯಂತ್ರವೂ ಇದೆ. 2002ರಲ್ಲಿ ಬಂದ ಮರ್ಸಿಡಿಸ್ ಇ-ಕ್ಲಾಸಿನ ಎಲೆಕ್ಟ್ರಾನಿಕ್ ಬ್ರೇಕ್ ಘಟಕ, ಬ್ರೇಕನ್ನು ಎಷ್ಟು ಸಲ ಒತ್ತಲಾಯಿತು ಎಂದು ಲೆಕ್ಕ ಇಡುತ್ತಿತ್ತು. ನಿಗದಿಯಾದ ಸಂಖ್ಯೆ ಮುಟ್ಟಿದ ಮೇಲೆ ತನ್ನನ್ನು ಬದಲಿಸಬೇಕೆಂದು ಎಚ್ಚರಿಕೆ ತೋರಿಸುತ್ತಿತ್ತು. 2004 ಮತ್ತು 2005ರಲ್ಲಿ ಕಂಪನಿ ಈ ಬ್ರೇಕಿನ ಲಕ್ಷಾಂತರ ಕಾರುಗಳನ್ನು ತಪಾಸಣೆಗೆ ವಾಪಸು ಕರೆಸಿತು. 2006ರಲ್ಲಿ ಇ-ಕ್ಲಾಸ್ ಮತ್ತೆ ಹಳೆಯ ಬಗೆಯ ಹೈಡ್ರಾಲಿಕ್ ಬ್ರೇಕಿಗೆ ಮರಳಿತು. ಸುಖ ಅನುಭವಿಸುವವನು ಒಬ್ಬ, ಎಣಿಕೆ ಮುಗಿದಾಗ ಸ್ಟಿಯರಿಂಗ್ ಹಿಡಿದಿರುವವನು ಇನ್ನೊಬ್ಬ. ಸೆಕೆಂಡ್ ಹ್ಯಾಂಡ್ ಕಾರು ಅಗ್ಗವಾಗಿ ಸಿಗುವುದೆಂದರೆ, ಅದರ ಬೆಲೆಯ ಒಂದು ಪಾಲು ಇನ್ನೂ ಕೊಡುವುದು ಬಾಕಿಯಿದೆ ಎಂದೇ ಅರ್ಥ.

ಯಾರಾದರೂ ಇಂಥ ಕಾರು ಕೊಳ್ಳಲು ಹೊರಟರೆ ಮಾವ ಹೇಳುವುದು ಇಷ್ಟು: ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲೇ ಹೋಗಿ ನೋಡಿ, ನಾಲ್ಕೂ ಮೂಲೆ ಒಂದೇ ಎತ್ತರ ಇದೆಯಾ ಅಂತ. ಸನ್‌ರೂಫ್ ಇದ್ದರೆ ಕಾಲಡಿಯ ಕಾರ್ಪೆಟ್ ಮುಟ್ಟಿ ನೋಡಿ. ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಅದು ಒಳಗಿಳಿದು ವೈರಿಂಗಿಗೆ ಸೇರುತ್ತದೆ. ಬಿಸಿಗೆ ಪೆಡಸಾಗುವ ರೇಡಿಯೇಟರಿನ ಪ್ಲಾಸ್ಟಿಕ್ ಭಾಗಗಳನ್ನು ಪರೀಕ್ಷಿಸಿ. ಸ್ಕ್ಯಾನರ್ ಹಾಕಿಸಿ, ಸರ್ವಿಸ್ ಪುಸ್ತಕ ಕೇಳಿ. ಕೊಂಡ ಬೆಲೆಯ ಅರ್ಧದಷ್ಟನ್ನು ಬೇರೆ ಎತ್ತಿಡಿ.

ಮಾವನೂ ಎತ್ತಿಟ್ಟಿದ್ದರು. ಆದರೆ ಆ ದುಡ್ಡಿಗೆ ಮಗಳ ನರ್ಸಿಂಗ್ ಕಾಲೇಜಿನ ಫೀಜೂ ಎದುರು ನಿಂತಿತ್ತು. ಮೂರು ವಾರ ಕಾರು ಕುಸಿದೇ ನಿಂತಿತು. ಕೊನೆಗೆ ಫೀಜು ಕಟ್ಟಿ, ಉಳಿದದ್ದರಲ್ಲಿ ಉಕ್ಕಿನ ಸ್ಪ್ರಿಂಗ್ ಹಾಕಿಸಿದರು. ಈಗ ಹಂಪುಗಳು ಸೊಂಟಕ್ಕೆ ತಿಳಿಯುತ್ತವೆ. ಏರ್ ಸಸ್ಪೆನ್ಷನ್ ಕೆಟ್ಟಿದೆ ಎಂಬ ಎಚ್ಚರಿಕೆ ಡ್ಯಾಶ್‌ಬೋರ್ಡಿನಲ್ಲಿ ಸದಾ ಉರಿಯುತ್ತದೆ. "ಅದು ನಿಜಾನೇ ಹೇಳ್ತಿದೆ, ಹೇಳ್ಕೊಳ್ಲಿ ಬಿಡು" ಅನ್ನುತ್ತಾರೆ ಮಾವ. ಹಿಂದಿನ ಸೀಟಿನಲ್ಲಿ ಕೂತ ಅತ್ತೆ, "ಟೆಂಪೋ ಇದಕ್ಕಿಂತ ವಾಸಿ" ಎನ್ನುತ್ತಲೇ ಮೇಲುಕೋಟೆಗೂ ಮೈಸೂರಿಗೂ ಹೋಗಿ ಬಂದಿದ್ದಾರೆ.

ಹಳೆಯ ಕೆಲಸದ ಅಭ್ಯಾಸ ಮಾವನನ್ನು ಬಿಟ್ಟಿಲ್ಲ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಲಾಗ್‌ಬುಕ್ ಇಟ್ಟಿದ್ದಾರೆ: ತಾರೀಖು, ಹೋದ ಊರು, ಕಿಲೋಮೀಟರು, ಡೀಸೆಲ್, ರಿಪೇರಿ. ಕೊನೆಯ ಕಾಲಮ್ಮು ಮಾಲೀಕರ ಸಹಿಗೆ. ಅದನ್ನೂ ಗೆರೆ ಎಳೆದು ಬಿಟ್ಟಿದ್ದಾರೆ; ಸಹಿ ಮಾತ್ರ ಇನ್ನೂ ಹಾಕಿಲ್ಲ.