ಸ್ಕಂಕ್ ಇಲ್ಲದ ಊರಾಗ

ನಾವು ಮೂವರು. ಒಬ್ಬಂದು ಆಳಂದ, ಒಬ್ಬಂದು ಅಫಜಲಪುರ, ಒಬ್ಬಂದು ಜೇವರ್ಗಿ. ಫಸ್ಟ್ ಇಯರ್‌ನಿಂದ ಹಾಸ್ಟೆಲ್‌ನಲ್ಲಿ ಒಂದೇ ರೂಮ್. ಮೂವರೂ ಇಂಗ್ಲಿಷ್ ಮೀಡಿಯಂ, ಹಾಗಾಗಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದರೆ ಕನ್ನಡ ಸಂಘದವರು ತಿದ್ದಿಕೊಳ್ಳಬೇಕು. ಈ ಕಥೆಯಲ್ಲಿ ಯಾವ ದಡ್ಡತನ ಯಾರದು ಅಂತ ಹೇಳಬಾರದು ಎಂದು ಮೊದಲೇ ಒಪ್ಪಂದ ಆಗಿದೆ. ಅದಕ್ಕೇ ಇಲ್ಲಿ ಎಲ್ಲಾ ಕಡೆ 'ನಾವು'.

ಹೋದ ದೀಪಾವಳಿ ರಜೆಗೆ ಜೇವರ್ಗಿಯವನ ಊರಿಗೆ ಹೋಗಿದ್ದೆವು. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿದರೆ ಎರಡೂ ಕಡೆ ಎರಿ ಹೊಲ, ಹೊಲದ ತುಂಬ ತೊಗರಿ. ಗಿಡಗಳೆಲ್ಲ ಹಳದಿ ಹೂ ಬಿಟ್ಟಿದ್ದವು. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ನಮಗೆ ಗೊತ್ತಿತ್ತು, ಯಾವುದೋ ಕ್ವಿಜ್‌ನಲ್ಲಿ ಕೇಳಿದ್ದರು. ಆದರೆ ಹೂವಿನ ಟೈಮಿಗೇ ಕಾಯಿಕೊರಕ ಹುಳ ಬರುತ್ತದೆ, ಆ ದಿನಗಳಲ್ಲಿ ಊರಿಗೆ ಊರೇ ಬೆನ್ನಿಗೆ ಪಂಪ್ ಹಾಕಿಕೊಂಡು ಎಣ್ಣಿ ಹೊಡೆಯುತ್ತದೆ ಅನ್ನೋದು ಕ್ವಿಜ್‌ನಲ್ಲಿ ಬರುವುದಿಲ್ಲ. ಹೊರಗಿನವರಿಗೆ ಒಂದು ಮಾತು: ನಮ್ಮ ಕಡೆ 'ಎಣ್ಣಿ' ಅಂದರೆ ಅಡುಗೆ ಎಣ್ಣೆನೂ ಹೌದು, ಕೀಟನಾಶಕನೂ ಹೌದು.

ಆವತ್ತು ಕಾಕಾ ಹೊಲದಲ್ಲಿದ್ದರು. ನಾವು ಅಂಗಳದಲ್ಲಿ ಮೊಬೈಲ್ ನೋಡುತ್ತಾ ಬಿದ್ದಿದ್ದೆವು. ಮಧ್ಯಾಹ್ನ ಮೂರರ ಹೊತ್ತಿಗೆ ಮೋತಿ ಬಂತು. ಮನೆಯ ನಾಯಿ, ಕಂದು ಬಣ್ಣ, ಯಾರು ಬಂದರೂ ಬಾಲ ಅಲ್ಲಾಡಿಸುವ ಜಾತಿ. ಬಂದ ಕೂಡಲೇ ಅಂಗಳವೆಲ್ಲ ನಾರಿತು. ಕೊಳೆತ ಬಳ್ಳೊಳ್ಳಿ ಥರದ ವಾಸನೆ, ಮೂಗಿನೊಳಗೆ ಹೋಗಿ ಅಲ್ಲೇ ಕೂತುಬಿಡುವಂಥದ್ದು. ಬೆನ್ನು ಒದ್ದೆಯಾಗಿತ್ತು. ನಾವು ನಕ್ಕೆವು. ಒಬ್ಬ ವಿಡಿಯೋನೂ ಮಾಡಿದ. ಆಮೇಲೆ ಇಂಜಿನಿಯರಿಂಗ್ ಹುಡುಗರು ಮಾಡುವ ಕೆಲಸವನ್ನೇ ಮಾಡಿದೆವು, ಗೂಗಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದೆವು: ನಾಯಿ ಮೈ ಕೊಳೆತ ಬಳ್ಳೊಳ್ಳಿ ಹಾಗೆ ನಾರುತ್ತಿದೆ, ಏನು ಮಾಡಬೇಕು?

ಬಂದ ಉತ್ತರವೆಲ್ಲ ಒಂದೇ: ಸ್ಕಂಕ್.

ಸ್ಕಂಕ್ ಅಂದರೆ ಅಮೆರಿಕದ ಕಡೆಯ ಕಪ್ಪು-ಬಿಳಿ ಪಟ್ಟೆಯ ಪ್ರಾಣಿ. ಹೆದರಿದರೆ ಬಾಲ ಎತ್ತಿ ನಾರುವ ದ್ರವ ಚಿಮ್ಮಿಸುತ್ತದೆ. ಆ ವಾಸನೆಗೆ ಕಾರಣ ಥಯಾಲ್‌ಗಳು, ಅಂದರೆ ಗಂಧಕ ಇರುವ ಅಣುಗಳು. ಪಾಲ್ ಕ್ರೆಬಾಮ್ ಎಂಬ ಅಮೆರಿಕದ ಕೆಮಿಸ್ಟ್ 1993ರಲ್ಲಿ ಇದಕ್ಕೊಂದು ಮದ್ದು ತಿಳಿಸಿದ: 3% ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 1 ಲೀಟರ್, ಕಾಲು ಕಪ್ ಅಡುಗೆ ಸೋಡಾ, ಒಂದೆರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಪೆರಾಕ್ಸೈಡ್ ಥಯಾಲ್ ಅನ್ನು ಆಕ್ಸಿಡೈಸ್ ಮಾಡಿ ವಾಸನೆ ಇಲ್ಲದ ವಸ್ತುವಾಗಿ ಬದಲಿಸುತ್ತದೆ. ಕಲಸಿದ್ದನ್ನು ಬಾಟಲಿಯಲ್ಲಿ ಮುಚ್ಚಿಟ್ಟರೆ ಗ್ಯಾಸ್ ತುಂಬಿ ಬಾಟಲಿ ಒಡೆಯುತ್ತದೆ, ಆಗಲೇ ಬಳಸಬೇಕು.

ನಮಗೆ ಖುಷಿಯೋ ಖುಷಿ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಕೆಮಿಸ್ಟ್ರಿ ಕಡೆಗೂ ಕೆಲಸಕ್ಕೆ ಬಂತು! ನಮ್ಮಲ್ಲಿ ಸ್ಕಂಕ್ ಇಲ್ಲ ಅಂತ ಒಬ್ಬ ಹೇಳಿದ. ಪುನುಗು ಬೆಕ್ಕು ಇರಬಹುದು, ಅದೂ ವಾಸನೆ ಬಿಡುತ್ತದಲ್ಲ ಅಂತ ಇನ್ನೊಬ್ಬ. ಪೆರಾಕ್ಸೈಡ್ ತರಲು ಒಬ್ಬ ಬೈಕ್ ಹತ್ತಿ ಜೇವರ್ಗಿಗೆ ಹೊರಟೇ ಬಿಟ್ಟ. ಉಳಿದಿಬ್ಬರು ಅಡುಗೆಮನೆಯಲ್ಲಿ ಸೋಡಾ ಹುಡುಕುತ್ತಿದ್ದೆವು. ಅರ್ಧ ತಾಸು ಹೀಗೇ ಹೋಯಿತು.

ಆಯಿ ಒಳಗಿನಿಂದ ಎದ್ದು ಬಂದರು.

"ಏ ಹುಡುಗೂರಾ, ಏನ್ ಹುಡುಕ್ಲಕತ್ತೀರಿ? ನಾಯಿ ಬಾಯಾಗ ಜೊಲ್ಲು ಸುರೀಲಕತ್ತದ, ಕಣ್ಣಿಗಿ ಕಾಣಂಗಿಲ್ಲೇನು?"

ಆಗ ನೋಡಿದೆವು. ಮೋತಿ ಗೋಡೆಗೆ ಒರಗಿ ನಿಂತಿತ್ತು. ಬಾಯಿಂದ ದಾರದ ಹಾಗೆ ಜೊಲ್ಲು, ಕಣ್ಣಲ್ಲಿ ನೀರು, ಹಿಂಗಾಲು ನಡುಗುತ್ತಿತ್ತು. ಆದರೂ ತನ್ನ ಬೆನ್ನನ್ನು ನೆಕ್ಕಲು ನೋಡುತ್ತಿತ್ತು.

"ಇದು ತೊಗರಿಗಿ ಹೊಡೆಯೋ ಎಣ್ಣಿ ವಾಸನಿ. ಮೈಮ್ಯಾಗ ಬಿದ್ದದ. ನೆಕ್ಕಲಿಕ್ಕ ಬಿಡಬ್ಯಾಡ್ರಿ. ಮೊದಲ ಸಬಕಾರ ಹಚ್ಚಿ ತೊಳೀರಿ, ಜಲ್ದಿ."

ಕಾಕಾಗೆ ಫೋನ್ ಮಾಡಿದೆವು. ಹೌದಂತೆ. ಬಕೇಟಿನಲ್ಲಿ ಎಣ್ಣಿ ಗಟ್ಟಿಯಾಗಿ ಕಲಸಿ ಇಟ್ಟಿದ್ದರು, ಅದನ್ನೇ ಸ್ವಲ್ಪ ಸ್ವಲ್ಪ ಪಂಪಿಗೆ ಹಾಕಿ ನೀರು ತುಂಬಿಸುವುದು. ಮೋತಿ ಓಡಿ ಬಂದು ಬಕೇಟಿಗೆ ಡಿಕ್ಕಿ ಹೊಡೆದಿತ್ತು. "ಬೈದು ಓಡಿಸ್ದೆ, ಮನಿಗಿ ಬಂತೇನು?" ಅಂದರು. ಪಶುವೈದ್ಯರಿಗೆ ಫೋನ್ ಹಚ್ಚಿದರೆ ಅವರ ಮೊದಲ ಪ್ರಶ್ನೆ: "ಎಣ್ಣಿ ಯಾವ್ದು? ಡಬ್ಬಿ ಮ್ಯಾಲಿನ ಹೆಸರು ಓದ್ರಿ." ಕಾಕಾ ಡಬ್ಬಿಯ ಫೋಟೋ ಕಳಿಸಿದರು. ಪ್ರೊಫೆನೋಫಾಸ್. ಲೇಬಲ್ ಮೇಲೆ ಹಳದಿ ಗುರುತು. ಭಾರತದಲ್ಲಿ ಕೀಟನಾಶಕದ ಡಬ್ಬಿಗಳ ಮೇಲೆ ನಾಲ್ಕು ಬಣ್ಣ ಇರುತ್ತವೆ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹೊಲದ ಮಕ್ಕಳಾಗಿ ನಮಗೆ ಇದು ಆವತ್ತೇ ಗೊತ್ತಾಗಿದ್ದು.

ಡಾಕ್ಟರ್ ಹೇಳಿದ್ದು ಆಯಿ ಹೇಳಿದ್ದೇ. ಸೋಪು, ಬಹಳ ನೀರು. ಬರಿಗೈಯಲ್ಲಿ ಮುಟ್ಟಬೇಡಿ. ಹಾಲು, ತುಪ್ಪ ಕುಡಿಸಬೇಡಿ, ವಾಂತಿ ಮಾಡಿಸಲು ಹೋಗಬೇಡಿ. ತೊಳೆದು ತಕ್ಷಣ ಕರಕೊಂಡು ಬನ್ನಿ.

ಗ್ಲೌಸ್ ಇರಲಿಲ್ಲ. ಕೈಗೆ ಕ್ಯಾರಿಬ್ಯಾಗ್ ಹಾಕಿ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡೆವು. ದನದ ದೋಣಿಯ ಕಡೆ ನೀರು ಹರಿಯದ ಜಾಗ ನೋಡಿ ಮೂರು ಸಲ ತೊಳೆದೆವು. ಬೆನ್ನು, ಕಿವಿಯ ಹಿಂದೆ, ಹೊಟ್ಟೆ, ಬೆರಳ ಸಂದಿ. ಜೇವರ್ಗಿಗೆ ಹೊರಟವನನ್ನು ದಾರಿಯಿಂದಲೇ ವಾಪಸ್ ಕರೆಸಿದೆವು. ಮೋತಿಯನ್ನು ಹಳೇ ಧೋತ್ರದಲ್ಲಿ ಸುತ್ತಿ ಪಕ್ಕದ ಮನೆಯವರ ಟಂಟಂನಲ್ಲಿ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಅದರ ಉಸಿರು ಗೊರಗೊರ ಅನ್ನುತ್ತಿತ್ತು. ಯಾರೂ ಮಾತಾಡಲಿಲ್ಲ.

ಡಾಕ್ಟರ್ ಟಾರ್ಚ್ ಹಾಕಿ ಕಣ್ಣು ತೋರಿಸಿದರು. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿತ್ತು. ನರದಿಂದ ಸ್ನಾಯುವಿಗೆ, ಗ್ರಂಥಿಗಳಿಗೆ ಸಂದೇಶ ಹೋಗುವುದು ಅಸೆಟೈಲ್‌ಕೋಲಿನ್ ಮೂಲಕ. ಕೆಲಸ ಆದಮೇಲೆ ಅದನ್ನು ಒಡೆದು ಹಾಕಲು ಒಂದು ಎಂಜೈಮ್ ಇದೆ. ಈ ಜಾತಿಯ ವಿಷ ಆ ಎಂಜೈಮನ್ನೇ ಕಟ್ಟಿಹಾಕುತ್ತದೆ. ಸ್ವಿಚ್ ಆನ್ ಆಗಿದ್ದು ಆಫ್ ಆಗುವುದೇ ಇಲ್ಲ. ಜೊಲ್ಲು, ಕಣ್ಣೀರು, ನಡುಕ, ಶ್ವಾಸನಾಳದಲ್ಲಿ ನೀರು. ಅಟ್ರೋಪಿನ್ ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟರು. ಜೊಲ್ಲು ನಿಂತಿತು, ಉಸಿರು ಹಗುರಾಯಿತು. "ತೊಳದು ತಂದದ್ದು ಛಲೋ ಆಯ್ತು ನೋಡ್ರಿ" ಅಂದರು.

ಸ್ಕಂಕಿನ ಮದ್ದಿನ ಬಗ್ಗೆ ನಾವು ನಾಚಿಕೊಂಡೇ ಕೇಳಿದೆವು. ಪ್ರೊಫೆನೋಫಾಸ್ ಒಡೆದಾಗ ಬರುವ ಪ್ರೊಪೇನ್‌ಥಯಾಲ್ ಕೂಡ ಸ್ಕಂಕಿನ ವಾಸನೆಯ ಕುಟುಂಬದ್ದೇ. ಅಂದರೆ ಗೂಗಲ್ ಪೂರ್ತಿ ಸುಳ್ಳು ಹೇಳಿರಲಿಲ್ಲ. ಆದರೆ ಅಲ್ಲಿ ವಾಸನೆಯೇ ಕಷ್ಟ, ಇಲ್ಲಿ ವಾಸನೆ ಬರೀ ಸುದ್ದಿ. ಮೊದಲು ವಾಸನೆ ಹೋಗಿಬಿಟ್ಟಿದ್ದರೆ ನಾವು ಗೆದ್ದೆವು ಅಂದುಕೊಂಡು ನಾಯಿಯನ್ನು ಮಲಗಿಸಿ ಬಿಡುತ್ತಿದ್ದೆವು.

ಹೊರಡುವಾಗ ಡಾಕ್ಟರ್ ಸುಮ್ಮನೆ ಕೇಳಿದರು: "ಎಣ್ಣಿ ಹೊಡದೋರು ಹ್ಯಾಂಗ ಅದಾರ?"

ನಮ್ಮ ಮೂವರಲ್ಲಿ ಒಬ್ಬನ ಹತ್ತಿರವೂ ಉತ್ತರ ಇರಲಿಲ್ಲ.

ಮನೆಗೆ ಬಂದಾಗ ಕತ್ತಲಾಗಿತ್ತು. ಕಾಕಾ ಅದೇ ಅಂಗಿಯಲ್ಲಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿದ್ದರು. ಪಂಪ್ ಸೋರಿ ಅಂಗಿಯ ಬೆನ್ನು ಒದ್ದೆಯಾಗಿ ಒಣಗಿದ ಗುರುತಿತ್ತು. ಮೋತಿಯ ಬೆನ್ನಿನ ವಾಸನೆಯೇ ಅಲ್ಲೂ ಇತ್ತು.

"ಕಾಕಾ, ತಲಿ ನೋಯ್ತದೇನ್ರಿ?"

"ಎಣ್ಣಿ ಹೊಡದ ದಿನ ನೋಯ್ತದ. ಮುಂಜಾನಿ ಹೋಗ್ತದ ಬಿಡ್ರಿ."

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಜನ ಸತ್ತಿದ್ದನ್ನು ನಾವು ಆ ರಾತ್ರಿ ಓದಿದೆವು. ನಾಯಿ ತೊಳೆಯಲು ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡವರು ನಾವು. ಕಾಕಾ ಎಷ್ಟು ವರ್ಷದಿಂದ ಬರಿಗೈಯಲ್ಲಿ ಇದನ್ನು ಕಲಸುತ್ತಿದ್ದಾರೆ, ಆಯಿ ಎಷ್ಟು ವರ್ಷದಿಂದ ಆ ಅಂಗಿಗಳನ್ನು ಬರಿಗೈಯಲ್ಲಿ ಒಗೆಯುತ್ತಿದ್ದಾರೆ, ಯಾರೂ ಕೇಳಿರಲಿಲ್ಲ. ನಮ್ಮ ಸೆಮಿಸ್ಟರ್ ಫೀಸಿನಲ್ಲಿ ಈ ತೊಗರಿಯ ದುಡ್ಡೂ ಇದೆ. "ನಮ್ಮ ಕಾಲಕ್ಕ ಗಿಡ ಅಳ್ಳಾಡಿಸಿ ಹುಳ ಕೆಡವ್ತಿದ್ದೆವು, ಕೋಳಿ ತಿಂತಿದ್ವು" ಅಂತ ಆಯಿ ಹೇಳಿದರು. "ಈಗ ಅಷ್ಟು ಆಳು ಎಲ್ಲಿ ಬರ್ಬೇಕು?" ಅಂದರು ಕಾಕಾ. ಇಬ್ಬರದೂ ಖರೆ.

ಆ ರಾತ್ರಿ ಬೈದು, ಗೋಗರೆದು ಕಾಕಾಗೆ ಸೋಪು ಹಚ್ಚಿ ಸ್ನಾನ ಮಾಡಿಸಿದೆವು. ಮರುದಿನ ರಬ್ಬರ್ ಗ್ಲೌಸ್, ಮಾಸ್ಕ್, ಕನ್ನಡಕ ತಂದುಕೊಟ್ಟೆವು. ಗ್ಲೌಸ್ ಹಾಕಿಕೊಂಡರು. ಮಾಸ್ಕ್ ಅರ್ಧ ತಾಸು ಇತ್ತು, "ಸೆಕಿ ಆಗ್ತದ" ಅಂತ ತೆಗೆದರು. ಕನ್ನಡಕ ಈಗಲೂ ಗೂಟಕ್ಕೆ ತೂಗುತ್ತಿದೆ. ಫೋನ್ ಮಾಡಿದಾಗೆಲ್ಲ ಮೊದಲು ಅದನ್ನೇ ಕೇಳುತ್ತೇವೆ, ಕಾಕಾ ಮಾತು ಬದಲಿಸುತ್ತಾರೆ. ಪಂಪ್ ಸೋರುವುದನ್ನು ಮಾತ್ರ ನಾವೇ ವಾಷರ್ ಬದಲಿಸಿ ರಿಪೇರಿ ಮಾಡಿದ್ದೇವೆ. ಎರಡು ವರ್ಷ ಓದಿದ್ದಕ್ಕೆ ಅಷ್ಟಾದರೂ ಬೇಡವೇ.

ಊರಿಗೆ ಹೋದಾಗ ನಿಮ್ಮ ಮನೆಯ ನಾಯಿಯೋ ಕರುವೋ ಹೀಗೆ ನಾರುತ್ತಾ ಬಂದರೆ ಮೊದಲು ಬಾಯಿ, ಕಣ್ಣು ನೋಡಿ. ನೆಕ್ಕಲು ಬಿಡಬೇಡಿ, ಕೈಗೆ ಏನಾದರೂ ಕಟ್ಟಿಕೊಂಡು ಸೋಪಿನಲ್ಲಿ ತೊಳೆಯಿರಿ, ಡಬ್ಬಿಯ ಫೋಟೋ ಇಟ್ಟುಕೊಂಡು ವೈದ್ಯರ ಹತ್ತಿರ ಓಡಿ. ಕರ್ನಾಟಕದಲ್ಲಿ ಪಶು ಸಹಾಯವಾಣಿ 1962. ಆಮೇಲೆ ಎಣ್ಣಿ ಹೊಡೆದವರು ಹೇಗಿದ್ದಾರೆ ಅಂತ ಕೇಳಿ.

ಮೋತಿ ಚೆನ್ನಾಗಿದೆ. ಪಂಪಿನ ಶಬ್ದ ಕೇಳಿದರೆ ಹೊಲದ ಕಡೆ ಹೋಗುವುದಿಲ್ಲ.