ಅವರ ಮದುವೆ, ಇವರ ಮೆರವಣಿಗೆ

1
ಫ್ರಾನ್ಸಿನ ಸಂಸತ್ತು 2013ರ ಏಪ್ರಿಲ್ 23ರಂದು ಸಲಿಂಗ ವಿವಾಹದ ಮಸೂದೆಯನ್ನು 331–225 ಮತಗಳಿಂದ ಅಂಗೀಕರಿಸಿತು. ಮೇ 17ಕ್ಕೆ ಸಂವಿಧಾನ ಮಂಡಳಿಯೂ ಅಡ್ಡಿಯಿಲ್ಲ ಎಂದಿತು, ಅಧ್ಯಕ್ಷ ಒಲಾಂದ್ ಸಹಿ ಹಾಕಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮೇ 26ರಂದು ಪ್ಯಾರಿಸ್ಸಿನ ಬೀದಿಗಳು ಈ ಕಾನೂನಿನ ವಿರೋಧಿಗಳಿಂದ ಮತ್ತೆ ತುಂಬಿದವು. ಪೊಲೀಸರ ಲೆಕ್ಕಕ್ಕೆ ಒಂದೂವರೆ ಲಕ್ಷ ಜನ, ಸಂಘಟಕರ ಲೆಕ್ಕಕ್ಕೆ ಹತ್ತು ಲಕ್ಷ. ಅಲ್ಲಿ ಅಂದು ತಾಯಂದಿರ ದಿನ ಬೇರೆ. ತಡೆಯಲು ಏನೂ ಉಳಿದಿಲ್ಲದ ಮೇಲೆ ಇಷ್ಟೊಂದು ಜನ ಬಂದದ್ದೇಕೆ?

2
ನಮ್ಮಲ್ಲಿ ಧಾರೆಯಾದರೆ ಮದುವೆಯಾದಂತೆ, ರಿಜಿಸ್ಟ್ರಾರ್ ಕಚೇರಿ ನೆನಪಾಗುವುದು ಪಾಸ್‌ಪೋರ್ಟ್ ಬೇಕಾದಾಗ. ಫ್ರಾನ್ಸಿನಲ್ಲಿ ತಿರುವುಮುರುವು. 1792ರಿಂದ ಅಲ್ಲಿ ಕಾನೂನಿನ ಕಣ್ಣಿಗೆ ಮದುವೆಯೆಂದರೆ ಪುರಭವನದಲ್ಲಿ ಆಗುವಂಥದ್ದು. ಈಗಲೂ ತ್ರಿವರ್ಣ ಪಟ್ಟಿ ತೊಟ್ಟ ಮೇಯರ್ ಎದುರು ಮೊದಲು ಆಗಬೇಕು, ಚರ್ಚಿನದು ಆಮೇಲೆ. ಹೊಸ ಕಾನೂನು ಯಾವ ಪಾದ್ರಿಗೂ ಏನನ್ನೂ ವಿಧಿಸಲಿಲ್ಲ. ಆದರೂ ಮೆರವಣಿಗೆಯಲ್ಲಿ ದೊಡ್ಡ ಪಾಲು ಕ್ಯಾಥೊಲಿಕ್ ಕುಟುಂಬಗಳದ್ದು. ತಮ್ಮ ದೇವರ ಮದುವೆಗೆ ಧಕ್ಕೆಯಿಲ್ಲದಿದ್ದರೂ ಸರ್ಕಾರದ ಮದುವೆಗಾಗಿ ಇಷ್ಟು ಸಂಕಟ!

3
ಇನ್ನೊಂದು ಸೋಜಿಗ. 1999ರಲ್ಲಿ ಸಲಿಂಗ ಜೋಡಿಗಳಿಗೂ ಸಿಗುವಂತೆ ‘ಪಾಕ್ಸ್’ ಎಂಬ ಸಹಬಾಳ್ವೆಯ ಒಪ್ಪಂದ ಬಂತು. ಸಂಸಾರ ಮುಳುಗಿತು ಎಂದು ಆಗಲೂ ಬಲಪಂಥೀಯರು ಕೂಗೆಬ್ಬಿಸಿದ್ದರು. 2013ರಲ್ಲಿ ಅದೇ ಪಾಳೆಯದ ಅನೇಕರ ವಾದ: ‘ಪಾಕ್ಸ್ ಇದೆಯಲ್ಲ, ಮದುವೆ ಯಾಕೆ?’ ನಿನ್ನೆಯ ಪ್ರಳಯ ಇಂದಿನ ರಾಜಿಸೂತ್ರ. ಈಗ ಆ ಒಪ್ಪಂದ ಮಾಡಿಕೊಳ್ಳುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜೋಡಿಗಳು ಗಂಡು–ಹೆಣ್ಣಿನವೇ.

4
ಮೆರವಣಿಗೆಯವರ ಕೈಯಲ್ಲಿ ಗುಲಾಬಿ, ನೀಲಿ ಬಾವುಟ. ಅದರ ಮೇಲೆ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಕೈ ಹಿಡಿದು ನಿಂತ ಚಿತ್ರ. ಇಷ್ಟೊಂದು ಜನ ಬಂದದ್ದೇಕೆ ಎಂಬುದಕ್ಕೆ ಉತ್ತರ ಇಲ್ಲೇ ಇದೆಯೇನೋ. ಕಾನೂನು ಮದುವೆಯ ಜೊತೆಗೆ ದತ್ತು ಪಡೆಯುವ ಹಕ್ಕನ್ನೂ ಕೊಟ್ಟಿತು. ಮಗುವಿಗೆ ತಂದೆಯೂ ಬೇಕು, ತಾಯಿಯೂ ಬೇಕು ಎಂಬುದು ಇವರ ಪಟ್ಟು. ಇದನ್ನು ಬರೀ ದ್ವೇಷವೆಂದು ತಳ್ಳಿಹಾಕಲಾಗದು, ಅಂಜಿಕೆಯೂ ಇದೆ. ಆದರೆ ಎಷ್ಟೋ ಸಲಿಂಗ ಜೋಡಿಗಳ ಮನೆಯಲ್ಲಿ ಮಕ್ಕಳು ಆಗಲೇ ಬೆಳೆಯುತ್ತಿದ್ದರು. ಆ ಮಕ್ಕಳ ಇಬ್ಬರು ಪಾಲಕರಲ್ಲಿ ಒಬ್ಬರು ಕಾನೂನಿಗೆ ಪರಕೀಯರಾಗಿಯೇ ಉಳಿದಿದ್ದರು. ಆ ಮಕ್ಕಳ ಕ್ಷೇಮದ ಮಾತು ಬಾವುಟದ ಮೇಲೆ ಕಾಣಲಿಲ್ಲ.

5
ಮಸೂದೆ ಮಂಡಿಸಿದ ನ್ಯಾಯಮಂತ್ರಿ ಕ್ರಿಸ್ತಿಯಾನ್ ತೊಬಿರಾ ಫ್ರೆಂಚ್ ಗಯಾನಾದ ಕಪ್ಪು ಮಹಿಳೆ. ಅದೇ ವರ್ಷದ ಅಕ್ಟೋಬರಿನಲ್ಲಿ ಆಂಜೆ ನಗರದಲ್ಲಿ ಈ ಕಾನೂನಿನ ವಿರೋಧಿಗಳು ಅವರಿಗಾಗಿ ಕಾದು ನಿಂತಿದ್ದರು. ಗುಂಪಿನಲ್ಲಿದ್ದ ಹುಡುಗಿಯೊಬ್ಬಳು ಅವರತ್ತ ಬಾಳೆಹಣ್ಣಿನ ಸಿಪ್ಪೆ ಬೀಸಿ ಹೆಣ್ಣುಕೋತಿ ಎಂದು ಹಂಗಿಸಿದಳು. ಮದುವೆಯ ಜಗಳದಲ್ಲಿ ಮೈಬಣ್ಣ ಎಲ್ಲಿಂದ ಬಂತು? ಮಕ್ಕಳನ್ನು ಕಾಯಲು ಹೊರಟವರು ಮಕ್ಕಳಿಗೆ ಕಲಿಸಿದ್ದು ಇದನ್ನೇ?

6
ಇಂಥ ಮದುವೆ ಮಾಡಿಸಲು ತಮ್ಮ ಆತ್ಮಸಾಕ್ಷಿ ಒಪ್ಪದು ಎಂದು ವಿನಾಯಿತಿ ಕೋರಿ ಕೆಲವು ಮೇಯರ್‌ಗಳು ಸಂವಿಧಾನ ಮಂಡಳಿಗೆ ಹೋದರು. ಆ ವಿನಾಯಿತಿ ಇಲ್ಲ ಎಂದು ಮಂಡಳಿ ಅಕ್ಟೋಬರಿನಲ್ಲೇ ಹೇಳಿತು. ಪಟ್ಟಿ ತೊಟ್ಟ ಮೇಲೆ ಮೇಯರ್ ರಾಜ್ಯದ ಕೈ, ಸ್ವಂತ ಮನಸ್ಸಿನದಲ್ಲ. ಈ ತೀರ್ಪು ನನಗೆ ಸರಿಯೆನಿಸಿತು.

7
ಹೊಸ ಕಾನೂನಿನಡಿ ಮೊದಲ ಮದುವೆ ಮೇ 29ರಂದು ಮೊಂಪೆಲಿಯೆಯಲ್ಲಿ, ಪೊಲೀಸ್ ಕಾವಲಿನಲ್ಲಿ ನಡೆಯಿತು. ಆ ವರ್ಷ ಸುಮಾರು 7 ಸಾವಿರ ಸಲಿಂಗ ಜೋಡಿಗಳು ಮದುವೆಯಾದರೆ, ಗಂಡು–ಹೆಣ್ಣಿನ ಮದುವೆಗಳು ಎರಡು ಲಕ್ಷ ದಾಟಿದವು. ಮೆರವಣಿಗೆಯಲ್ಲಿ ನಡೆದವರ ಮದುವೆಪತ್ರದಿಂದ ಒಂದು ಅಕ್ಷರವೂ ಅಳಿಸಿಹೋಗಲಿಲ್ಲ.